ಕಾವಲಿ ತೊಳೆದ ಗುರ್ಕಾರ

ಪಾಠ ಮಾಡಲು ತೀರಾ ಕಷ್ಟವಾದ ವಿಷಯ ಯಾವುದು ಎಂದು ಯಾರಾದರೂ ಕೇಳಿದರೆ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಲ್ಲಿ ನಾನು ಹಳಗನ್ನಡ ವ್ಯಾಕರಣ ಎನ್ನುತ್ತಿದ್ದೆ. ಈಗ ವಿನಯ ಎನ್ನುತ್ತೇನೆ. ವ್ಯಾಕರಣ ಬಾರದ ಮೇಷ್ಟ್ರು ವ್ಯಾಕರಣ ಕಲಿಸಿದರೆ ಪರೀಕ್ಷೆ ಬರುವವರೆಗೂ ಮಕ್ಕಳಿಗೆ ಗೊತ್ತಾಗುವುದಿಲ್ಲ. ವಿನಯ ಇಲ್ಲದವನು ವಿನಯ ಕಲಿಸಹೊರಟರೆ ಅದೇ ಸಂಜೆ ಹೆಂಡತಿಗೆ ಗೊತ್ತಾಗುತ್ತದೆ. ನಮ್ಮ ಶಾಲೆಯಲ್ಲಿ ಬಹಳ ವಿನಯವಂತರಾದ ಹೆಡ್‌ಮಾಸ್ಟರೊಬ್ಬರಿದ್ದರು. ಯಾವ ಸಭೆಗೆ ಹೋದರೂ ಕೊನೆಯ ಸಾಲಿನಲ್ಲೇ ಕೂರುತ್ತಿದ್ದರು. ಯಾರೂ ಬಂದು ಮುಂದಕ್ಕೆ ಕರೆಯದಿದ್ದರೆ ಮಾತ್ರ ಎರಡು ದಿನ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಅವರನ್ನು ನೋಡಿ ನಾವು ನಗುತ್ತಿದ್ದೆವು. ಆ ನಗು ಸ್ವಲ್ಪ ಅವಸರದ್ದಾಯಿತೇನೋ.

ನಾನೀಗ ನಿವೃತ್ತ. ಬೈಂದೂರಿನ ಈಚೆಗೆ, ಸಮುದ್ರದ ಸದ್ದು ಕೇಳುವಷ್ಟು ದೂರದಲ್ಲಿ ಮನೆ. ನಮ್ಮ ಇಗರ್ಜಿಗೆ ಸೇರಿದ ಕ್ರೈಸ್ತ ಮನೆಗಳನ್ನು ವಾಳೆಗಳೆಂದು ಗುಂಪು ಮಾಡಿದ್ದಾರೆ. ನಮ್ಮ ವಾಳೆಗೆ ನಾನೇ ಗುರ್ಕಾರ, ಎಂದರೆ ಮುಖಂಡ. ಈಸ್ಟರ್ ಕಳೆದ ಮೇಲೆ ಒಂದು ದಿನ ನಮ್ಮ ಫಾದರ್ ಬಂದರು. ಬ್ರಹ್ಮಾವರದ ಕಡೆಯ ತರುಣ. ಏನು ಹೇಳಿದರೂ ನಗುತ್ತಲೇ ಹೇಳುವುದರಿಂದ ಒಲ್ಲೆ ಎನ್ನುವುದು ಕಷ್ಟ. "ಮಾಸ್ಟ್ರೇ, ನಮ್ಮ ಕುಟುಂಬಗಳಲ್ಲಿ ಒಬ್ಬರಿಗೊಬ್ಬರು ವಿನಯದಿಂದ ಸೇವೆ ಮಾಡುವುದು ಕಮ್ಮಿ ಆಗಿದೆ. ನೀವು ವಾಳೆಯವರನ್ನು ಸೇರಿಸಿ ಅದರ ಬಗ್ಗೆ ಮಾತಾಡಬೇಕು. ನಿಮ್ಮ ಹಾಗೆ ಹೇಳುವವರು ಯಾರಿದ್ದಾರೆ?" ಎಂದರು. ಕೊನೆಯ ವಾಕ್ಯವೊಂದೇ ಸಾಕಿತ್ತು. ನಾನು ಒಪ್ಪಿದೆ.

ಭಾಷಣದ ಸಿದ್ಧತೆ ಜೋರಾಗಿ ನಡೆಯಿತು. ಯೇಸು ಸ್ವಾಮಿ ಶಿಷ್ಯರ ಪಾದ ತೊಳೆದ ಪ್ರಸಂಗದಿಂದ ಶುರು ಮಾಡಬೇಕು, ಮಧ್ಯದಲ್ಲಿ ಸ್ವಲ್ಪ ನಗಿಸಬೇಕು, ಕೊನೆಯಲ್ಲಿ ಒಂದಿಬ್ಬರಾದರೂ ಕಣ್ಣೊರೆಸಿಕೊಳ್ಳಬೇಕು. ಜಗಲಿಯಲ್ಲಿ ಕುಳಿತು ಬರೆಯುತ್ತ ನಾನು ನನ್ನ ಹೆಂಡತಿ ಜೆಸಿಂತಾಳನ್ನು ಕೂಗುತ್ತಿದ್ದೆ: ಕನ್ನಡಕ ತಾ, ಫ್ಯಾನು ಹಾಕು, ಟಿ.ವಿ. ಸಣ್ಣ ಮಾಡು, ಇನ್ನೊಂದು ಲೋಟ ಚಹಾ. ನಮ್ಮ ಮನೆಮಾತು ಕೊಂಕಣಿ. ಆದರೆ ಸಿಟ್ಟು ಬಂದರೆ ಜೆಸಿಂತಾ ಕುಂದಾಪ್ರ ಕನ್ನಡಕ್ಕೆ ಇಳಿಯುತ್ತಾಳೆ. ಕೊಂಕಣಿಯಲ್ಲಿ ದೇವರ ಹತ್ತಿರ ಮಾತಾಡಿ ಅಭ್ಯಾಸ, ನನ್ನ ಹತ್ತಿರ ಮಾತಾಡಲು ಅದು ಮೆತ್ತಗಾಯಿತು ಎಂಬುದು ಅವಳ ವಾದ. ಚಹಾದ ಲೋಟ ಕುಕ್ಕಿ ಕೇಳಿದಳು: "ಹ್ವಾಯ್, ವಿನಯದ್ ಬಗ್ಗೆ ಬರಿಯುಕೆ ಇಷ್ಟ್ ಚಾ ಬೇಕಾ?"

ಇಲ್ಲಿ ಒಂದು ಒಳಮನೆಯ ಸುದ್ದಿ ಹೇಳಬೇಕು. ಅಂಗಳದ ಆಚೆ ಬದಿಯ ಮನೆ ನನ್ನ ತಮ್ಮ ಬ್ಯಾಪ್ಟಿಸ್ಟನದು. ಅವನ ಹೆಂಡತಿ ಸೆವ್ರಿನ್, ಅವಳ ಬಾಯಲ್ಲಿ ಯಾವಾಗಲೂ ಕುಂದಾಪ್ರ ಕನ್ನಡವೇ. ಜೆಸಿಂತಾ ಮತ್ತು ಸೆವ್ರಿನ್ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ, ನೆಂಟರ ಮದುವೆಯೊಂದರಲ್ಲಿ ಬಡಿಸಲು ನಿಂತಿದ್ದ ಸೆವ್ರಿನ್ ಜೆಸಿಂತಾಳ ತಟ್ಟೆಗೆ ಹಂದಿ ಮಾಂಸದ ಬರೀ ಕೊಬ್ಬಿನ ತುಂಡುಗಳನ್ನು ಹಾಕಿದ್ದು. ಬೇಕೆಂದೇ ಹಾಕಿದಳು ಎಂದು ಇವಳು, ಸೌಟಿಗೆ ಬಂದದ್ದು ಹಾಕಿದೆ ಎಂದು ಅವಳು. ಅಲ್ಲಿಂದ ಮುಂದೆ ಏನಾದರೂ ತಿಳಿಸುವುದಿದ್ದರೆ ಕೋಳಿಗಳ ಮೂಲಕ. "ಏ ಕೋಳಿ, ಕೆಲವ್ರ ಟಾಂಕಿ ತುಂಬಿ ನೀರ್ ಹರೀತಿತ್ತ್, ಕಣ್ಣ್ ಕಾಣ್ತಿಲ್ಯಾ?" ಎಂದು ಒಬ್ಬಳು ಹೇಳಿದರೆ, ಆಚೆಯವಳು ಹೋಗಿ ಪಂಪು ನಿಲ್ಲಿಸುತ್ತಿದ್ದಳು. ಕೋಳಿಗಳಿಗೆ ಇದು ರೂಢಿಯಾಗಿತ್ತು. ನಮಗೂ ಆಗಿತ್ತು. ಆದರೆ ತಮ್ಮನ ಮಗಳು ರೆನಿಟಾಳ ಮದುವೆ ನಿಶ್ಚಯವಾದ ಮೇಲೆ ಮಾತ್ರ ನನಗೆ ಸಂಕಟ ಶುರುವಾಯಿತು. ಆ ಹುಡುಗಿ ಹಸುಗೂಸಾಗಿದ್ದಾಗ ತೊಟ್ಟಿಲಿಗಿಂತ ಹೆಚ್ಚು ಹೊತ್ತು ಇದ್ದದ್ದು ಜೆಸಿಂತಾಳ ಸೊಂಟದ ಮೇಲೆ. ಈಗ ಅದೇ ದೊಡ್ಡಮ್ಮ, "ಇಗರ್ಜಿಗೆ ಬತ್ತೆ, ಪೂಜಿ ಮುಗದ್ ಕೂಡ್ಲೆ ಮನಿಗ್ ಬತ್ತೆ. ಊಟಕ್ಕೂ ಇಲ್ಲೆ, ರೋಸಿಗೂ ಇಲ್ಲೆ" ಎಂದು ಕೋಳಿಗಳಿಗೆ ಘೋಷಿಸಿಬಿಟ್ಟಿದ್ದಳು. ರೋಸ್ ಎಂದರೆ ಮದುವೆಯ ಹಿಂದಿನ ದಿನ ಮದುಮಗಳ ತಲೆಗೆ ತೆಂಗಿನ ಹಾಲು ಹಾಕಿ ಹರಸುವ ಶಾಸ್ತ್ರ. ರೆನಿಟಾ ನನ್ನ ಹತ್ತಿರ ಬಂದು ಕಣ್ಣು ತುಂಬಿಕೊಂಡು ಹೋದಳು. ನಾನು ಗುರ್ಕಾರ, ಊರಿನ ಮನೆಗಳ ಜಗಳ ಬಿಡಿಸುವವನು. ಅಂಗಳ ದಾಟುವ ಧೈರ್ಯ ಮಾತ್ರ ಇರಲಿಲ್ಲ.

ಭಾಷಣವೇನೋ ಚೆನ್ನಾಗಿಯೇ ಆಯಿತು. ಕೊನೆಗೆ ಎಲ್ಲರಿಗೂ ಒಂದು ಮನೆಗೆಲಸ ಕೊಟ್ಟೆ: ಈ ವಾರ ಪ್ರತಿಯೊಬ್ಬರೂ ಮನೆಯಲ್ಲಿ ಇನ್ನೊಬ್ಬರ ಕೆಲಸವೊಂದನ್ನು ಅವರಿಗೆ ಹೇಳದೆ ಮಾಡಿಡಬೇಕು. ಅದರ ಫಲ ಮರುದಿನದಿಂದಲೇ ಕಾಣಿಸಿತು. ಒಬ್ಬಾತ ಹೆಂಡತಿಯ ರೇಷ್ಮೆ ಸೀರೆಯನ್ನು ವಾಷಿಂಗ್ ಮಶಿನ್ನಿಗೆ ಹಾಕಿದ. ಇನ್ನೊಬ್ಬ ಬಂಗುಡೆ ಸ್ವಚ್ಛ ಮಾಡಹೋಗಿ ಮೀನು ಬೆಕ್ಕಿಗೆ, ತಲೆ ಮನೆಗೆ ಎಂಬಂತೆ ಮಾಡಿದ. ಹೆಂಗಸರು ದಾರಿಯಲ್ಲಿ ನನ್ನನ್ನು ಕಂಡು, "ಮಾಸ್ಟ್ರೆ, ಇನ್ನ್ ಭಾಷಣ ಇತ್ತಾ?" ಎಂದು ಕೇಳುವ ಧ್ವನಿಯಲ್ಲಿ ಆಸೆಗಿಂತ ಹೆದರಿಕೆಯೇ ಹೆಚ್ಚಿತ್ತು.

ನಾನೂ ಹಿಂದೆ ಬೀಳಬಾರದಲ್ಲ. ಭಾನುವಾರ ಬೆಳಿಗ್ಗೆ ಪೂಜೆಯ ನಂತರ ಫಾದರ್ ನಮ್ಮಲ್ಲಿ ತಿಂಡಿಗೆ ಬರುವವರಿದ್ದರು. ನೀರುದೋಸೆ, ಕೋಳಿ ಸಾರು. ಶನಿವಾರ ಸಂಜೆ ಜೆಸಿಂತಾ ಇಗರ್ಜಿಗೆ ಹೋಗಿದ್ದಾಗ ಅಡುಗೆಮನೆಗೆ ಹೋದೆ. ಒಲೆಯ ಪಕ್ಕದಲ್ಲಿ ಅವಳ ಕಬ್ಬಿಣದ ಕಾವಲಿ ಕಣ್ಣಿಗೆ ಬಿತ್ತು. ಮಸಿ ಹಿಡಿದಂತೆ ಕಪ್ಪು. ಅಯ್ಯೋ ಪಾಪ, ಇದನ್ನು ತಿಕ್ಕಲು ಅವಳಿಗೆ ಪುರುಸೊತ್ತೇ ಆಗಿಲ್ಲ ಎಂದು ಕನಿಕರಪಟ್ಟು, ಸೋಪು ಹಾಕಿ, ಸ್ಟೀಲ್ ಸ್ಕ್ರಬ್ಬರಿನಿಂದ ಕೈ ನೋಯುವವರೆಗೆ ತಿಕ್ಕಿದೆ. ಕಾವಲಿ ಬೆಳ್ಳಗೆ ಹೊಳೆಯಿತು. ಅದನ್ನು ಬಟ್ಟೆಯಿಂದ ಮುಚ್ಚಿಟ್ಟೆ. ಸೇವೆ ಗುಟ್ಟಾಗಿರಬೇಕು ಎಂದು ನಾನೇ ಹೇಳಿದ್ದೆನಲ್ಲ.

ಭಾನುವಾರ ಮೊದಲ ದೋಸೆ ಕಾವಲಿಗೆ ಅಂಟಿ ಕೂತಿತು. ಎರಡನೆಯದು ಮುದ್ದೆಯಾಗಿ ಬಂತು. ಮೂರನೆಯದು ಬರಲೇ ಇಲ್ಲ. ಜೆಸಿಂತಾ ಕಾವಲಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾರ್ ಹೇಳದ್ ನಿಮ್ಗೆ ಇದನ್ ತಿಕ್ಕುಕೆ?"

"ಸೇವೆ ಅಂತ…"

"ಎಂತ ಸೇವೆ ಮಾರಾಯ್ರೆ! ನಮ್ಮಮ್ಮ ಕೊಟ್ಟ್ ಕಾವ್ಲಿ. ಮದಿ ಆದಲ್ಲಿಂದ ಎಣ್ಣಿ ಕುಡ್ದ್ ಕುಡ್ದ್ ಹದ ಆಯಿತ್ತ್!" ಎಂದವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಫಾದರ್ ಬರುವ ಹೊತ್ತಾಗಿತ್ತು. ನಾನು ಅಂಗಳ ದಾಟಿದೆ. ಸೆವ್ರಿನಳ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಕುಟುಂಬ ಎಂದ ಮೇಲೆ ನೋಡು…" ಎಂದು ಶುರು ಮಾಡಿದೆ.

"ಬಾವ, ಭಾಷಣ ಬ್ಯಾಡ. ಎಂತ ಬೇಕ್?"

"ಕಾವಲಿ. ನಮ್ಮದನ್ನು ನಾನು ತೊಳೆದೆ. ಸ್ಟೀಲ್ ಸ್ಕ್ರಬ್ಬರಿನಲ್ಲಿ."

ಸೆವ್ರಿನ್ ಎದೆ ಮೇಲೆ ಕೈ ಇಟ್ಟುಕೊಂಡಳು. "ಯೇಸುವೇ! ಅಕ್ಕ ತವರಿಂದ ತಂದ್ ಕಾವ್ಲಿಯಾ?" ಅವಳ ಬಾಯಲ್ಲಿ ಅಕ್ಕ ಎಂಬ ಶಬ್ದ ಕೇಳಿ ಎಷ್ಟು ಕಾಲವಾಗಿತ್ತು! ಆಮೇಲೆ ದನಿ ತಗ್ಗಿಸಿ, "ಅಕ್ಕ ಮರ್ಕಿದ್ರಾ?" ಎಂದು ಕೇಳಿದಳು. ಅತ್ತಳಾ ಎಂದು ಅರ್ಥ. ನಾನು ಹೌದೆಂದು ತಲೆ ಆಡಿಸಿದೆ.

"ನನ್ ಕಾವ್ಲಿ ನಿಮ್ ಕೈಗ್ ಕೊಡ್ತಿಲ್ಲೆ" ಎಂದು ಅದನ್ನು ತಾನೇ ಎತ್ತಿಕೊಂಡು, ನನ್ನನ್ನು ಹಿಂದೆ ಬಿಟ್ಟು, ಅಂಗಳ ದಾಟಿದಳು. ಕೋಳಿಗಳು ದಾರಿ ಬಿಟ್ಟವು.

ನಾನು ಕಿಟಕಿಯ ಹೊರಗೆ ನಿಂತೆ. ಒಳಗೆ ದೋಸೆ ಚುರ್ ಎಂದಿತು. ಆಮೇಲೆ ಸೆವ್ರಿನ್, "ಬಾವಂಗೆ ಬುದ್ಧಿ ಇಲ್ಯಾ ಅಕ್ಕ?" ಎಂದಳು. "ನಂಗ್ ಕೇಂಡ್ರೆ? ಮದಿ ಆದ್ ದಿನದಿಂದ ಹುಡ್ಕ್ತಾ ಇದ್ದೆ" ಎಂದಳು ಜೆಸಿಂತಾ. ನಂತರ ಇಬ್ಬರೂ ಸೇರಿ ನನ್ನ ಬುದ್ಧಿ, ನನ್ನ ಚಹಾ, ನನ್ನ ಭಾಷಣ, ನಡುನಡುವೆ ಬ್ಯಾಪ್ಟಿಸ್ಟನ ಗೊರಕೆ, ಒಂದನ್ನೂ ಬಿಡಲಿಲ್ಲ. ನಗು ಹೊರಗೆ ಜಗಲಿಯವರೆಗೆ ಬಂತು. ನಗು ನಿಂತ ಮೇಲೆ ಸೆವ್ರಿನ್ ಸಣ್ಣ ದನಿಯಲ್ಲಿ, "ಅಕ್ಕ, ರೋಸಿಗೆ ಮೊದ್ಲ್ ಹಾಲ್ ಹಾಕುದ್ ನೀವೇ ಆಯ್ಕ್. ರೆನಿಟಾ ಬೇರೆಯವ್ರಿಗೆ ತಲಿ ಕೊಡುದಿಲ್ಲ ಅಂತ್ಳ್" ಎಂದಳು. ಮೂಗು ಸೀಟಿದ ಸದ್ದು ಮಾತ್ರ ಕೇಳಿತು. ಅದು ಯಾರದು ಎಂದು ನಾನು ಇಣುಕಿ ನೋಡಲಿಲ್ಲ.

ಫಾದರ್ ಬಂದರು, ಬ್ಯಾಪ್ಟಿಸ್ಟನೂ ಬಂದ. ಇಬ್ಬರು ಹೆಂಗಸರೂ ಒಂದೇ ಅಡುಗೆಮನೆಯಿಂದ ಹೊರಬಂದದ್ದನ್ನು ಕಂಡು ಫಾದರ್ ನನ್ನ ಕೈ ಕುಲುಕಿ, "ಮಾಸ್ಟ್ರೇ, ನಿಮ್ಮ ಭಾಷಣ ಕೆಲಸ ಮಾಡಿತು!" ಎಂದರು. ಕಾವಲಿಯ ಕಥೆ ಹೇಳೋಣವೆಂದು ಬಾಯಿ ತೆರೆದೆ. ಆದರೆ ಹೊಗಳುವವರ ಮಾತನ್ನು ನಡುವೆ ಕತ್ತರಿಸುವುದು ವಿನಯವಲ್ಲ ಎನ್ನಿಸಿ ಸುಮ್ಮನಾದೆ.

ಅಷ್ಟರಲ್ಲಿ ಜೆಸಿಂತಾ ಸೆವ್ರಿನಳನ್ನು ಮೇಜಿಗೆ ಎಳೆದು ಕೂರಿಸಿ ತಾನೂ ಕುಳಿತಳು. "ಹ್ವಾಯ್, ಇವತ್ತ್ ನಮ್ಗೆ ನೀವ್ ಬಡ್ಸಿ" ಎಂದು ನನಗೆ ಆಜ್ಞೆ ಬಂತು. ನಾನು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಡಿಸಿದೆ. ಬಗ್ಗಿ ಬಡಿಸಿದೆ. ಸಾರು ಕೇಳುವ ಮೊದಲೇ ಸಾರು ಹಾಕಿದೆ. ಅವರು ರೆನಿಟಾಳ ಸೀರೆಗೆ ಕುಂದಾಪುರಕ್ಕೆ ಯಾವಾಗ ಹೋಪುದು ಎಂಬ ಮಾತಿನಲ್ಲಿ ಮುಳುಗಿದ್ದರು. ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ಇಷ್ಟು ವಿನಯದಿಂದ ಒಬ್ಬ ಮನುಷ್ಯ ಸೇವೆ ಮಾಡುತ್ತಿರುವಾಗ ಒಬ್ಬರಾದರೂ ಗಮನಿಸಬಾರದೇ? ನಾನು ಸ್ವಲ್ಪ ಕೆಮ್ಮಿ, ಸೌಟನ್ನು ಎತ್ತರಕ್ಕೆ ಹಿಡಿದು, ಫಾದರ್ ಕಡೆ ನೋಡಿದೆ. ಅವರು ಮೊಬೈಲ್ ನೋಡುತ್ತಿದ್ದರು.