‘ಶಿಫ್ಟ್ ಮುಗೀತು’ ಕ್ಯಾಸೆಟ್ಟನ್ನು ನಾನು ಕೊನೆಗೂ ಕೇಳಿದ್ದು

ಕೇಳದೆಯೇ ಹೊಗಳುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಆಫೀಸಿನಲ್ಲಿ ಯಾರೂ ಇರಲಿಲ್ಲ. ಹೆಮ್ಮೆಯಿಂದ ಹೇಳುತ್ತಿಲ್ಲ, ಮುಚ್ಚಿಟ್ಟರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಓದದ ಕವನಕ್ಕೆ ‘ಅದ್ಭುತ’, ನೋಡದ ನಾಟಕಕ್ಕೆ ‘ರೋಮಾಂಚನವಾಯಿತು’. ನನ್ನ ಹೆಂಡತಿ ವಿಮಲ ಮಾತ್ರ ಮದುವೆಯಾದ ಎರಡನೇ ವಾರವೇ ಈ ರೋಗವನ್ನು ಪತ್ತೆಹಚ್ಚಿ, ಉಪ್ಪು ಹಾಕದ ಸಾರು ಬಡಿಸಿ ಪರೀಕ್ಷೆ ಮಾಡಿದ್ದಳು. ನಾನು ‘ಅದ್ಭುತ’ ಎಂದಿದ್ದೆ.

ಎಂಬತ್ತರ ದಶಕದ ಮಾತು. ಕಾರ್ಗಲ್ಲಿನ ಅಣೆಕಟ್ಟು ಕಚೇರಿಯಲ್ಲಿ ನಾನು ಹೆಡ್ ಕ್ಲಾರ್ಕು. ನಮ್ಮಲ್ಲಿ ನಕ್ಷೆ ಬರೆಯುತ್ತಿದ್ದ ಪ್ರಭಾಕರ, ಕಾಲೊನಿಯ ಮೂವರು ಗೆಳೆಯರನ್ನು ಕಟ್ಟಿಕೊಂಡು ಒಂದು ಬ್ಯಾಂಡು ಮಾಡಿದ್ದ. ತಾವಿದ್ದ ಕ್ವಾರ್ಟರ್ಸಿನ ಹೆಸರನ್ನೇ ಇಟ್ಟು ಅದನ್ನು ‘ಸಿ ಟೈಪ್’ ಎಂದು ಕರೆದ. ಮೂರು ಗಿಟಾರು, ಒಂದು ಡ್ರಮ್ಮು, ಮೂರೇ ನಿಮಿಷದ ಹಾಡು, ಒಮ್ಮೆ ಕೇಳಿದರೆ ಬಾಯಿ ಬಿಟ್ಟು ಹೋಗದ ರಾಗ. ಇದಕ್ಕೆ ಪವರ್ ಪಾಪ್ ಎನ್ನುತ್ತಾರೆಂದು ಅವನೇ ಹೇಳಿದ್ದು. ನಾಲ್ವರೂ ರಜೆ ಹಾಕಿ ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಹತ್ತು ಕನ್ನಡ ಹಾಡುಗಳನ್ನು ರೆಕಾರ್ಡ್ ಮಾಡಿ, ‘ಶಿಫ್ಟ್ ಮುಗೀತು’ ಎಂಬ ಹೆಸರಿನ ಇಪ್ಪತ್ತು ಕ್ಯಾಸೆಟ್ಟು ಹಿಡಿದುಕೊಂಡು ಬಂದರು. ನಾನು ಮೂರನ್ನು ತೆಗೆದುಕೊಂಡೆ. ಒಂದು ನನಗೆ, ಒಂದು ಹೊಸನಗರದ ಭಾವಮೈದನಿಗೆ, ಒಂದು ತೀರ್ಥಹಳ್ಳಿಯ ಅಕ್ಕನಿಗೆ. ವಾರದ ನಂತರ ಪ್ರಭಾಕರ ಅಳುಕುತ್ತಾ ಬಂದು ಹೇಗಿದೆ ಎಂದು ಕೇಳಿದಾಗ, ‘ಅದ್ಭುತ ಕಣಯ್ಯಾ, ರೋಮಾಂಚನವಾಯ್ತು’ ಎಂದೆ. ಅಷ್ಟರಲ್ಲಾಗಲೇ ನನ್ನ ಪ್ರತಿಯ ಹಿಂಭಾಗದಲ್ಲಿ, ಯಾರೂ ಅಳಿಸದಿರಲೆಂದು ಬಿಟ್ಟಿದ್ದ ಎರಡು ತೂತಿಗೆ ಕಾಗದದ ಉಂಡೆ ತುರುಕಿ, ಸಾಗರದಲ್ಲಿ ನಡೆದ ತಾಳಮದ್ದಲೆಯನ್ನು ಅದರ ಮೇಲೆ ರೆಕಾರ್ಡ್ ಮಾಡಿಕೊಂಡು ಬಂದಿದ್ದೆ. ಹಾಡುಗಳನ್ನು ಒಮ್ಮೆಯೂ ಕೇಳಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಶುಕ್ರವಾರ ಪ್ರಭಾಕರ ನನ್ನ ಮೇಜಿನ ಹತ್ತಿರ ಓಡಿ ಬಂದ. ಕ್ಯಾಸೆಟ್ ಕಂಪನಿಯೊಂದು ಹಾಡು ಕೇಳಬೇಕೆಂದು ಕಾಗದ ಬರೆದಿತ್ತು. ಸೋಮವಾರ ಪಾರ್ಸೆಲ್ ಹೋಗಲೇಬೇಕು. ಆದರೆ ಸ್ಟುಡಿಯೋದವರು ಮೂಲ ಟೇಪಿನ ಮೇಲೆ ಯಾರದೋ ಭಜನೆ ತುಂಬಿದ್ದರು. ಅವನ ಪ್ರತಿಯನ್ನು ಟೇಪ್ ರೆಕಾರ್ಡರ್ ನುಂಗಿತ್ತು. ಕಾಲೊನಿಯಲ್ಲಿ ಹಂಚಿದ್ದವುಗಳ ಮೇಲೂ ಜನ ಬೇರೆ ಏನೇನೋ ತುಂಬಿಕೊಂಡು, ಈಗ ಅವುಗಳಲ್ಲಿ ಇವರ ಹಾಡು ಬಿಟ್ಟು ಮತ್ತೆಲ್ಲವೂ ಇದ್ದವು.

“ನಿಮ್ಮ ಹತ್ರ ಇದ್ದೇ ಇರುತ್ತೆ ಅಂತ ಧೈರ್ಯ ಸಾರ್. ಅಷ್ಟು ಇಷ್ಟಪಟ್ಟಿದ್ರಿ.”

“ಇರದೆ ಏನು? ಸೋಮವಾರ ತರ್ತೀನಿ” ಎಂದೆ. ನನ್ನ ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು. ಆದರೆ ನಾಲ್ಕು ಜನರ ದುಡಿಮೆಯೆಲ್ಲ ಈಗ ನನ್ನ ಎರಡು ಸುಳ್ಳಿನ ಮೇಲೆ ನಿಂತಿತ್ತು.

ಶನಿವಾರ ಮಧ್ಯಾಹ್ನ ಹೊಸನಗರಕ್ಕೆ ಹೋದೆ. ಭಾವಮೈದ ಸಂಭ್ರಮದಿಂದ ಕ್ಯಾಸೆಟ್ ಹಾಕಿದ. ಅವನ ಮಗಳು ಹದಿಮೂರರ ಮಗ್ಗಿ ಹೇಳತೊಡಗಿದಳು.

“ಟೇಪು ಭಾರಿ ಒಳ್ಳೇದಿತ್ತು ಭಾವ. ಎಷ್ಟು ಕ್ಲಿಯರ್ ಬಂದಿದೆ ನೋಡಿ!”

ನಾನು ಅದ್ಭುತ ಎಂದೆ.

ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿ. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಬಾಗಿಲ ಹತ್ತಿರ ಹೋಗುವಾಗಲೇ ಒಳಗಿಂದ ಗಿಟಾರು ಕೇಳಿಸಿತು. ಅದರ ಜೊತೆಗೆ, ಒಂದು ಪೆಟ್ಟೂ ತಪ್ಪದೆ, ಹೊಲಿಗೆ ಮಶೀನು.

“ಎಂತದೋ, ಹೇಳದೆ ಕೇಳದೆ ಬಂದದ್ದು? ಕೂತ್ಕ. ಈ ತೋಳೊಂದು ಮುಗಿಸ್ತೀನಿ” ಎಂದಳು ಅಕ್ಕ. “ಈ ಹಾಡು ಹಾಕಿದ್ರೆ ಕಾಲು ತನ್ನಷ್ಟಕ್ಕೆ ತುಳೀತದೆ ಮಾರಾಯ. ದಿನಕ್ಕೆ ಎರಡು ರವಿಕೆ ಜಾಸ್ತಿ ಆಗ್ತದೆ. ಇದರ ಮೇಲೆ ಬೇರೆ ಎಂತಾದ್ರೂ ತುಂಬಿದ್ರೆ ಕತ್ತರಿ ತಗಂಡು ಬರ್ತೀನಿ ಅಂತ ಮನೆಯವರಿಗೆಲ್ಲ ಹೇಳಿಟ್ಟಿದೀನಿ.”

ನಾನು ಬಟ್ಟೆಯ ರಾಶಿಯ ಪಕ್ಕ ಕುಳಿತೆ. ಎರಡೂ ಬದಿ ಕೇಳಿದೆ. ಕ್ಯಾಂಟೀನಿನ ಕ್ಯೂನಲ್ಲಿ ಮುಂದೆ ನಿಂತವಳ ಜಡೆಯ ಮೇಲೊಂದು ಹಾಡು, ಅಣೆಕಟ್ಟಿನ ಗೇಟು ತೆಗೆದ ದಿನದ ಮೇಲೊಂದು. ನಾಲ್ಕು ಗಂಟಲು ಒಟ್ಟಿಗೆ ಮೇಲೇರಿದಾಗ ನನ್ನ ಕೈಯ ರೋಮ ನಿಜವಾಗಿಯೂ ನಿಂತಿತು. ಅದು ಬರಿಯ ಮಾತಲ್ಲ ಎಂದು ನಲವತ್ತೆರಡನೇ ವಯಸ್ಸಿನಲ್ಲಿ ತಿಳಿಯಿತು. ತಲೆ ತಗ್ಗಿಸಿ ನನ್ನ ಮುಂದೆ ರಜೆ ಅರ್ಜಿ ಹಿಡಿದು ನಿಲ್ಲುತ್ತಿದ್ದವನ ಒಳಗೆ ಇಷ್ಟೆಲ್ಲ ಇತ್ತೇ? ಕಣ್ಣು ತುಂಬಿ ಬಂತು. ಹನ್ನೊಂದೂವರೆ ಬಸ್ಸು ಹೋದದ್ದು ಗೊತ್ತಾಗಲಿಲ್ಲ. ಅಕ್ಕನಿಗೆ ಹೊಸ ಪ್ರತಿ ತಂದುಕೊಡುತ್ತೇನೆಂದು ದೇವರ ಮೇಲೆ ಆಣೆ ಇಟ್ಟ ಮೇಲಷ್ಟೇ ಕ್ಯಾಸೆಟ್ಟು ನನ್ನ ಕೈಗೆ ಬಂತು.

ಸೋಮವಾರ ಅದನ್ನು ಪ್ರಭಾಕರನ ಕೈಗಿಟ್ಟೆ. ಎಷ್ಟೊಂದು ಹೇಳಬೇಕೆಂದಿದ್ದೆ! ಬಾಯಿ ತೆರೆದರೆ ಬಂದದ್ದು, “ಅದ್ಭುತ ಕಣಯ್ಯಾ. ರೋಮಾಂಚನವಾಯ್ತು.”

“ಹ್ಞೂಂ ಸಾರ್” ಎಂದ ಅವನು, ಪಾರ್ಸೆಲ್ಲಿಗೆ ದಾರ ಹುಡುಕುತ್ತಾ.

“ಇಲ್ಲ ಪ್ರಭಾಕರ, ನಿಜ. ಅವತ್ತು ನಾನು ಕೇಳಿರಲೇ ಇಲ್ಲ. ನಿನ್ನೆ ಕೇಳಿದೆ, ಅಕ್ಕನ ಮನೇಲಿ.”

“ಗೊತ್ತಿತ್ತು ಸಾರ್. ಅವತ್ತು ಅದ್ಭುತ ಅಂದ್ರಲ್ಲ, ಆವಾಗ್ಲೇ ಗೊತ್ತಾಯ್ತು. ಕೇಳದವರ ಹತ್ರ ಕ್ಯಾಸೆಟ್ಟು ಹಾಗೇ ಇರುತ್ತೆ ಅಂತಲೇ ನಿಮ್ಮ ಹತ್ರ ಬಂದಿದ್ದು.” ಅವನ ಮುಖದಲ್ಲಿ ಕೋಪವೇನೂ ಇರಲಿಲ್ಲ. “ಅಕ್ಕ ಏನಂದ್ರು?”

ಕಾಲು, ಮಶೀನು, ಎರಡು ರವಿಕೆ, ಕತ್ತರಿ, ಎಲ್ಲವನ್ನೂ ಹೇಳಿದೆ. ಅವನು ಕುರ್ಚಿ ಎಳೆದುಕೊಂಡು ಕುಳಿತ. ಇನ್ನೊಂದು ಸಲ ಹೇಳಿ ಎಂದ. ಹೇಳಿದೆ. ಜೇಬಿನಿಂದ ಪೆನ್ನು ತೆಗೆದು ಅಕ್ಕನ ಮಾತನ್ನು ಅಕ್ಷರ ಬಿಡದೆ ಒಂದು ಹಾಳೆಯಲ್ಲಿ ಬರೆದುಕೊಂಡು, ಮಡಚಿ, ಕ್ಯಾಸೆಟ್ಟಿನ ಜೊತೆ ಪಾರ್ಸೆಲ್ಲಿಗೆ ಸೇರಿಸಿದ. ಹಾಳೆಯಲ್ಲಿ ಇನ್ನೂ ಬೇಕಾದಷ್ಟು ಜಾಗವಿತ್ತು. ನನ್ನ ಮಾತನ್ನೂ ಬರೆದುಕೊಳ್ಳುತ್ತಾನೇನೋ ಎಂದು ನಾನು ಅಲ್ಲೇ ನಿಂತಿದ್ದೆ. ಅವನು ಪೆನ್ನಿನ ಮುಚ್ಚಳ ಹಾಕಿದ.