'ಹೌದು' ಒತ್ತಿದವರು ಯಾರು?

ತಮಿಳು ಸೀಮೆಯ ಅಂಬತ್ತೂರಿನ ಒಂದು ಪಂಪ್ ಕಂಪನಿಯಲ್ಲಿ ಭೋಜರಾಜನ ಹುದ್ದೆಯ ಹೆಸರು ಬಾಗಿಲಿನಷ್ಟು ಉದ್ದವಿತ್ತು. ಕೆಲಸ ಮಾತ್ರ ಒಂದೇ, ಪಾಸ್‌ವರ್ಡ್ ಹೊಡೆಯುವುದು. ಯಾರ ಕಂಪ್ಯೂಟರಿಗೆ ಯಾವ ಸಾಫ್ಟ್‌ವೇರ್ ಹಾಕಬೇಕಾದರೂ ಅದು ಅಡ್ಮಿನ್ ಪಾಸ್‌ವರ್ಡ್ ಕೇಳುತ್ತಿತ್ತು. ಅದು ಗೊತ್ತಿದ್ದವನು ಅವನೊಬ್ಬನೇ. ಹೀಗಾಗಿ ರಜೆ ಎಂಬುದು ಅವನ ಪಾಲಿಗೆ ಬೇರೆಯವರು ತೆಗೆದುಕೊಳ್ಳುವ ವಸ್ತುವಾಗಿತ್ತು. ಸ್ವಂತ ತಂಗಿಯ ಮದುವೆಗೆ ಊಟದ ಹೊತ್ತಿಗೆ ಹೋಗಿ, ತಾಂಬೂಲದ ಹೊತ್ತಿಗೆ ಹೊರಟು ಬಂದಿದ್ದ.

ನಾಳೆ ಮೈಸೂರಿನಲ್ಲಿ ಹೆಂಡತಿ ವಿನೋದಾಳ ಸೀಮಂತ.

"ಈ ಸಲಾನೂ ಬರ್ಲಿಲ್ಲ ಅಂದ್ರೆ ನೋಡಿ, ಪಕ್ಕದ ಮಣೆ ಮೇಲೆ ನಿಮ್ಮ ಕಂಪ್ಯೂಟರ್ನೇ ಕೂರಿಸಿ ಆರತಿ ಎತ್ತಿಸ್ತೀನಿ" ಎಂದು ಅವಳು ಫೋನಿನಲ್ಲಿ ಹೇಳಿಯಾಗಿತ್ತು. ಅವಳು ತಮಾಷೆ ಮಾಡುತ್ತಿಲ್ಲವೆಂದು ಭೋಜರಾಜನಿಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೆಂದೇ ಎರಡು ತಿಂಗಳು ಕಣ್ಣು ಕೆಡಿಸಿಕೊಂಡು ಒಂದು ಏರ್ಪಾಡು ಮಾಡಿದ್ದ. ಆಫೀಸಿಗೆ ಬೇಕಾದ ಸಾಫ್ಟ್‌ವೇರುಗಳನ್ನೆಲ್ಲ ಪರೀಕ್ಷಿಸಿ, ಎಲ್ಲರ ಪರದೆಯ ಮೇಲೂ ಒಂದು 'ಕಪಾಟು' ಇಟ್ಟ. ಬೇಕಾದ್ದನ್ನು ಆರಿಸಿ 'ಹೌದು' ಒತ್ತಿದರೆ ಮುಗಿಯಿತು. ಪಾಸ್‌ವರ್ಡೂ ಬೇಡ, ಭೋಜರಾಜನೂ ಬೇಡ.

ಮ್ಯಾನೇಜರ್ ಹರಿದಾಸ ಪೆರಂಬೂರಿನ ಹಳೆಯ ಕನ್ನಡ ಮನೆತನದವರು. "ಸೆರಿ, ಇವತ್ತೊಂದು ದಿನ ನಿನ್ನ ಕಪಾಟು ತಾನಾಗೇ ನಡೀಲಿ. ನಡೆದ್ರೆ ಸಾಯಂಕಾಲ ರಜಾ. ಅವ್ಳೋದಾನ್, ಅಷ್ಟೇ!" ಎಂದರು.

ಆಫೀಸು ತೆರೆಯುತ್ತಲೇ ಅಕೌಂಟ್ಸಿನ ಜಯಲಕ್ಷ್ಮಮ್ಮನವರ ಫೋನು.

"ಭೋಜರಾಜಾ, ಇಲ್ಲಿ 'ಹೌದು', 'ಬೇಡ' ಅಂತ ಎರಡು ಕೇಳ್ತಿದೆ ಕಣಪ್ಪಾ."

"ಹೌದು ಒತ್ತಿ ಮೇಡಂ."

"ಒತ್ತಬಹುದು. ಆಮೇಲೆ ಏನಾದ್ರೂ ಆದ್ರೆ? ರಿಟೈರ್ ಆಗೋ ಹೊತ್ನಲ್ಲಿ ನನ್ನ ಹೆಸರು ಯಾಕೆ ಕೆಡಿಸ್ಕೊಳ್ಳಲಿ? ನೀನೇ ಬಂದು ಒತ್ಬಿಡು, ಪಾ."

ಇದೇ ಮಹಾತಾಯಿ ಪ್ರತಿ ಮೀಟಿಂಗಿನಲ್ಲೂ "ನಮ್ಮನ್ನೇನು ಕಳ್ಳರು ಅಂದ್ಕೊಂಡಿದೀರಾ? ನಮಗೂ ಅಧಿಕಾರ ಕೊಡಿ" ಎಂದು ಮೇಜು ಕುಟ್ಟಿದವರು. ಭೋಜರಾಜ ಹಲ್ಲು ಕಚ್ಚಿಕೊಂಡು ಹೋಗಿ ಒತ್ತಿ ಬಂದ.

ಪರ್ಚೇಸಿನ ಶಾಲಿನಿ ಸ್ವಲ್ಪ ಧೈರ್ಯಸ್ಥೆ. "ನೀವು ಒತ್ತೋದೇನೂ ಬೇಡ ಸಾರ್, ಸುಮ್ನೆ ಪಕ್ಕದಲ್ಲಿ ನಿಂತ್ಕೊಳ್ಳಿ" ಎಂದಳು. ನಿಂತ. ಅವಳು ಕಣ್ಣು ಮುಚ್ಚಿಕೊಂಡು 'ಬೇಡ' ಒತ್ತಿದಳು. ಸ್ಟೋರ್ಸಿನ ಧನುಷ್ ಅಂತೂ ಅಕ್ಷರಾಭ್ಯಾಸ ಮಾಡಿಸುವವನ ಹಾಗೆ ಭೋಜರಾಜನ ಬೆರಳನ್ನೇ ಹಿಡಿದು ಒತ್ತಿಸಿಕೊಂಡ.

ಮಧ್ಯಾಹ್ನದ ಊಟದ ಡಬ್ಬಿ ತೆರೆಯುವಷ್ಟರಲ್ಲಿ ಇಡೀ ಆಫೀಸಿನ 'ಹೌದು'ಗಳೆಲ್ಲ ಅವನ ಬೆರಳಿನಿಂದಲೇ ಆಗಿದ್ದವು. ಹರಿದಾಸರಿಗೆ ತಿಳಿದರೆ ರಜೆ ಹೋಯಿತು. ಒಬ್ಬೊಬ್ಬರ ಬಳಿಯೂ ಹೋಗಿ ಬೇಡಿಕೊಂಡ: "ಯಾರು ಕೇಳಿದ್ರೂ ನೀವೇ ಒತ್ಕೊಂಡ್ರಿ ಅಂತ ಹೇಳಿ. ನಿಮ್ಮ ದಮ್ಮಯ್ಯ."

"ಅಯ್ಯೋ, ಅಷ್ಟೂ ಮಾಡಲ್ವಾ ನಿನಗೆ?" ಎಂದು ಜಯಲಕ್ಷ್ಮಮ್ಮನವರು ಅವನ ಡಬ್ಬಿಗೆ ಒಂದು ವಡೆ ಹಾಕಿದರು.

ಸಂಜೆ ಹರಿದಾಸ ಬಹಳ ಖುಷಿಯಲ್ಲಿದ್ದರು. "ಒಂದೇ ಒಂದು ಕಂಪ್ಲೇಂಟಿಲ್ಲ! ನಿನ್ನ ರಜಾ ಮೊದಲು." ರಜೆ ಮಂಜೂರು ಮಾಡುವುದೂ ಈಗ ಕಪಾಟಿನ ಹೊಸ ಸಾಫ್ಟ್‌ವೇರಿನಲ್ಲೇ. ಅವರ ಪರದೆಯ ಮೇಲೆ ಪ್ರಶ್ನೆ ಮೂಡಿತು: ಭೋಜರಾಜನಿಗೆ ರಜೆ ಕೊಡುವುದೇ? ಹೌದು, ಬೇಡ.

ಕಾದ ಕಾವಲಿ ಮುಟ್ಟಿದವರಂತೆ ಹರಿದಾಸ ಮೌಸಿನಿಂದ ಕೈ ತೆಗೆದರು.

"ನೀನೇ ಒತ್ಬಿಡು ಭೋಜರಾಜಾ."

"ಸಾರ್, ಇದು ನಂದೇ ರಜೆ."

"ಅದಕ್ಕೇನಪ್ಪಾ? ನಾನು ಇಲ್ಲೇ ಇದೀನಲ್ಲ" ಎಂದು ಹರಿದಾಸ ಕಿಟಕಿಯ ಕಡೆ ತಿರುಗಿ ನಿಂತರು.

ಭೋಜರಾಜ ಒತ್ತಿದ. ಒತ್ತಿದವನೇ ಬ್ಯಾಗು ಎತ್ತಿಕೊಂಡು ಓಡಿದ. ಬಹಳ ದಿನಗಳ ನಂತರ ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಅಂಬತ್ತೂರು ಸ್ಟೇಷನ್ನಿನಲ್ಲಿ, ಸೆಂಟ್ರಲ್‌ಗೆ ಹೋಗುವ ಲೋಕಲ್ ಟ್ರೇನು ದೂರದಲ್ಲಿ ಕಾಣುತ್ತಿದ್ದಾಗ ಹರಿದಾಸರ ಫೋನು ಬಂತು.

"ಹೆಡ್ ಆಫೀಸಿಂದ ಫೋನ್ ಮಾಡಿದ್ರಪ್ಪಾ. ಕಪಾಟು ಪ್ರಮಾದಂ, ಬಹಳ ಚೆನ್ನಾಗಿದೆ, ಮೊದಲನೇ ರಜಾ ನೀವೇ ಒತ್ತಿ ಕೊಟ್ರಾ ಅಂತ ಹೊಗಳೋದಕ್ಕೆ."

"ಸಂತೋಷ ಸಾರ್."

"ನಂಗೆ ಗಾಬರಿ ಆಗ್ಬಿಡ್ತು. ನಾನೇನೂ ಒತ್ತಿಲ್ಲ ಅಂದ್ಬಿಟ್ಟೆ. ಮತ್ಯಾರು ಒತ್ತಿದ್ದು ಅಂದ್ರು. ನಾನು ಸುಳ್ಳು ಹೇಳೋನಲ್ಲ, ನಿಂಗೇ ಗೊತ್ತು. ತನ್ನ ರಜಾ ತಾನೇ ಮಂಜೂರು ಮಾಡ್ಕೊಂಡಿದಾನೆ ಅಂತ ನಾಳೆ ವಿಚಾರಣೆಗೆ ಬರ್ತಾರಂತೆ. ರಜಾ ಕ್ಯಾನ್ಸಲ್ಲು. ನೀನು ಇರ್ಲೇಬೇಕು."

"ಸಾರ್, ಬೆಳಿಗ್ಗೆಯಿಂದ ಎಲ್ಲರದ್ದೂ ನಾನೇ ಒತ್ತಿದ್ದು! ಬೇಕಾದ್ರೆ ಜಯಲಕ್ಷ್ಮಮ್ಮನವರನ್ನ ಕೇಳಿ!"

"ಕೇಳ್ದೆ. ಎಲ್ರನ್ನೂ ಕೇಳ್ದೆ. ಎಲ್ರೂ ತಾವೇ ಒತ್ಕೊಂಡ್ರಂತೆ. ನೀನೊಬ್ಬನೇ ಪಾ, ಇನ್ನೊಬ್ಬರ 'ಹೌದು' ಒತ್ತಿರೋದು."

ಟ್ರೇನು ಬಂದು, ನಿಂತು, ಅವನನ್ನು ಬಿಟ್ಟು ಹೊರಟಿತು. ಭೋಜರಾಜ ಮೈಸೂರಿಗೆ ಫೋನ್ ಮಾಡಿದ. "ವಿನೋದಾ, ನಾಳೆ ನಾನು ಇಲ್ಲೇ ಇರ್ಬೇಕಂತೆ" ಎಂದ.

ವಿನೋದಾ ಶಾಂತವಾಗಿ ಕೇಳಿದಳು:

"ಆ ಕಂಪ್ಯೂಟರ್ ಎಷ್ಟು ಅಗಲ ಇದೆ ಹೇಳಿ. ಅದಕ್ಕೆ ಸರಿಯಾದ ಮಣೆ ಹುಡುಕ್ಬೇಕು."