ಕೊನೆ ತೂಬಿಗೆ ಬಂದ ನೆಟ್ಟು

ನಂಜನಗೂಡಿನಲ್ಲಿ ವೈಫೈಗೆ ಸರದಿ ಹಾಕಿಸಲು ಹೊರಟ ಏಕೈಕ ಮನುಷ್ಯ ನಮ್ಮ ಸೋದರಮಾವ! ಕೆಲಸದಲ್ಲಿದ್ದಷ್ಟು ಕಾಲ ಅವರು ನಾಲೆಯ ನೀರುಗಂಟಿ. ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ನಾಲೆಯ ಕಟ್ಟಕಡೆಯ ಕಿಂಡಿಗೆ, ಅಂದರೆ ಕೊನೆ ತೂಬಿಗೆ, ನೀರು ಮುಟ್ಟಿದ ಮೇಲೇ ಊಟಕ್ಕೆ ಕೂರುವುದು. ಅಂಥವರು ಈಗ ಟಿ.ವಿ. ಮುಂದೆ ಕೂತು ಕಾರು ರೇಸ್ ಆಡುತ್ತಾರೆಂದರೆ ನಂಬುತ್ತೀರಾ?

ಎದುರಾಳಿ ಯಾರು ಅಂತೀರಿ? ನರಸೀಪುರದಲ್ಲಿ ನಮ್ಮ ಜೊತೆಗಿರುವ ಅವರಕ್ಕ, ಅಂದರೆ ನಮ್ಮವ್ವ! ಅಪ್ಪ ತೀರಿಕೊಂಡ ಮೇಲೆ ಅವ್ವ ಮಾತೇ ಬಿಟ್ಟಿದ್ದಳು. ಮಾವ ನಮ್ಮನೆಯಲ್ಲಿ ನನ್ನ ಮಗಳ ಗೇಮ್ ಡಬ್ಬಿ ನೋಡಿ, ತಾವೂ ಅಂಥದ್ದೊಂದು ತಂದು, ಸಂಜೆ ಸಂಜೆ ಅಕ್ಕನನ್ನು ಆನ್‌ಲೈನ್ ರೇಸಿಗೆ ಎಳೆದರು. ಅವ್ವ ಮತ್ತೆ ನಗತೊಡಗಿದಳು. ಆದರೆ ಮಾವನ ಮನೆಯ ನೆಟ್ಟು ನಡುವೆಯೇ ಕೈಕೊಡುತ್ತಿತ್ತು.

"ನನ್ ಕೂಡ ಆಡಕ್ಕೂ ಬೇಜಾರಾ ನಿಂಗೆ? ಏಳ್ದೆ ಕೇಳ್ದೆ ಎದ್ದೋಯ್ತೀಯ!" ಎಂದು ಮುನಿಸಿಕೊಂಡ ಅವ್ವ ಮತ್ತೆ ಮೂಲೆ ಸೇರಿದಳು.

ಮಾವ ಕಂಗಾಲು! ನನಗೆ ಫೋನ್ ಮಾಡಿ, "ಮೇಲ್ಗಡೆ ಮನೆಯವ್ರು ನೆಟ್ಟೆಲ್ಲಾ ತಿರುಗುಸ್ಕಬುಟ್ಟವ್ರೆ ಕಣ್ಲಾ, ನಾವು ಕೊನೆ ತೂಬು" ಎಂದರು. ಅಷ್ಟಕ್ಕೇ ಬಿಟ್ಟರೇ? ಬೀದಿಯ ಮನೆಮನೆಗೂ ಹೋಗಿ, "ಸಂಜೆ ನಮ್ ಸರದಿ, ನಿಮ್ ಡಬ್ಬಿ ಆಫ್ ಮಾಡ್ಕಳಿ" ಎಂದು ಸಾರಿಬಂದರು.

"ನಮ್ಮನೇಲಿ ನೆಟ್ಟೇ ಇಲ್ಲ ಕಣಣ್ಣೋ!" ಎಂದಳಂತೆ ಎದುರುಮನೆಯಾಕೆ.

"ಅಂಗಾರೆ ನಮ್ದು ಎಲ್ಗೋಯ್ತದೆ?"

ಅದನ್ನು ಹುಡುಕಲು ನಾನೇ ಬಸ್ಸು ಹತ್ತಿ ಹೋದೆ. "ವೈಫೈ ಡಬ್ಬಿ ಎಲ್ಲಿ ಮಾವ?"

"ಬೀರುವಿನೊಳ್ಗೆ ಅದೆ. ಬೀಗ ಹಾಕಿವ್ನಿ. ಯಾರಾರಾ ತೂಬು ಎತ್ಬುಟ್ರೆ?"

ಕಬ್ಬಿಣದ ಬೀರುವಿನೊಳಗೆ, ಅತ್ತೆಯ ರೇಷ್ಮೆ ಸೀರೆಗಳ ನಡುವೆ, ಪಾಪದ ಡಬ್ಬಿ ಮಿಣಮಿಣ ಎನ್ನುತ್ತಿತ್ತು! ಕಬ್ಬಿಣ ದಾಟಿ ಸಿಗ್ನಲ್ ಹೊರಬರುವುದಾದರೂ ಹೇಗೆ? ಅದನ್ನು ಹೊರಗೆ ತಂದು, ಅಲ್ಲಿಂದ ಗೇಮ್ ಡಬ್ಬಿಗೆ ನೇರ ವೈರೆಳೆದೆ. ಮಾವ ಲುಂಗಿ ಎತ್ತಿಕಟ್ಟಿ, ಎಲ್ಲಾದರೂ ಸೋರುತ್ತಿದೆಯೇ ಎಂದು ವೈರಿನುದ್ದಕ್ಕೂ ನಡೆದು ನೋಡಿದರು.

ಸಂಜೆ ಅವ್ವನನ್ನು ಫೋನಿನಲ್ಲೇ ಗೋಗರೆದು ಆಟಕ್ಕೆ ಕೂರಿಸಿದ್ದಾಯಿತು. ನೆಟ್ಟು ಒಮ್ಮೆಯೂ ಕೈಕೊಡಲಿಲ್ಲ. ಮಾವನ ಕಾರೇ ಮುಂದೆ! ಇನ್ನೇನು ಗೆರೆ ದಾಟಬೇಕು, ಮಾವ ಗುಂಡಿಯಿಂದ ಬೆರಳೆತ್ತಿದರು. ಅವ್ವನ ಕಾರು ಹಾದುಹೋಯಿತು.

"ಸೋತ್ಯಾ ತಮ್ಮಯ್ಯಾ!" ಟಿ.ವಿ.ಯೊಳಗಿಂದ ಅವ್ವನ ನಗು. ಎಷ್ಟು ದಿನವಾಗಿತ್ತು ಅದನ್ನು ಕೇಳಿ!

"ನೆಟ್ಟು ಸರಿಯಾಗೇ ಇತ್ತಲ್ಲ, ಯಾಕೆ ನಿಲ್ಲಿಸಿದ್ರಿ?" ಎಂದು ಪಿಸುಗುಟ್ಟಿದೆ.

ಮಾವ ಗೇಮಿನ ಮೈಕಿಗೆ ಕೈ ಅಡ್ಡ ಹಿಡಿದರು. "ಸುಮ್ಕಿರ್ಲಾ. ಕಪಿಲೆ ನೀರು ನಮ್ಮೂರ್ ದಾಟಿ ನರಸೀಪುರಕ್ಕೇ ತಾನೆ ಓಗೋದು? ನಾವಲ್ಲ ಕಣ್ಲಾ, ಕೊನೆ ತೂಬು ನಿಮ್ಮವ್ವ. ಅಲ್ಲಿಗೆ ಮುಟ್ತಲ್ಲ, ನಡಿ, ಉಣ್ಣಾನ."